ಮಾತ್ರೆಗಿಂತ ದಬ್ಬೆ ಮಂಚ ಹೆಚ್ಚು ಕೆಲಸ ಮಾಡಿತು: ನಾಯಿಯ ಜಂತುಹುಳು, ನನ್ನ ಅನುಭವ

ಈ ಸಲ ಮಳೆಗಾಲ ಕಳೆದ ಮೇಲೆ ಕೆಂಚನ ಮಲ ಪರೀಕ್ಷೆ ಮಾಡಿಸಿದೆ. ಹುಳದ ಒಂದು ಮೊಟ್ಟೆಯೂ ಸಿಗಲಿಲ್ಲ. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಬಿಟ್ಟು ಸಾಕಿದ ನಾಯಿಗೆ ಇದು ಸಣ್ಣ ಮಾತಲ್ಲ. "ಊರ ನಾಯಿ ಅಂದ್ಮೇಲೆ ಹುಳ ಇರೋದೇ ಮಾರಾಯ, ಅದಕ್ಕೆಲ್ಲ ದುಡ್ಡು ಹಾಕ್ತಾರಾ" ಎಂದು ನಕ್ಕವರೇ ಈಗ ಕೇಳಿಕೊಂಡು ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳಿ ಸಾಕಾಯ್ತು, ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ನಾನೂ ಎಲ್ಲರ ಹಾಗೆ ಮೂರು ತಿಂಗಳಿಗೊಮ್ಮೆ ಮಾತ್ರೆ ಹಾಕುತ್ತಿದ್ದೆ. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಎಂಬ ಮೂರೂ ಹುಳದ ಔಷಧಿ ಸೇರಿದ ಮಾತ್ರೆ, ನಿಮಗೆ ಗೊತ್ತಿದ್ದದ್ದೇ. ಹಾಕಿದ ಎರಡು ವಾರ ಚೆನ್ನಾಗಿರುತ್ತಿದ್ದ. ಆಮೇಲೆ ಮತ್ತೆ ಅದೇ ಕಥೆ. ಒಸಡು ಬಿಳಿಚುವುದು, ಕಪ್ಪಗೆ ಅಂಟಂಟು ಭೇದಿ, ಹೊಟ್ಟೆಯ ಅಡಿ ಕೆಂಪು ಗುಳ್ಳೆ. ಕಂಪನಿ ಬದಲಿಸಿದೆ, ದುಬಾರಿ ಮಾತ್ರೆ ತಂದೆ, ರಕ್ತ ಆಗಲಿ ಅಂತ ಟಾನಿಕ್ ಕುಡಿಸಿದೆ. ಎಲ್ಲ ಸೇರಿ 6-7 ಸಾವಿರ ಹೋಗಿರಬೇಕು. ಅಡಿಕೆ ದರ ಬಿದ್ದ ವರ್ಷ ಬೇರೆ. ಮನೆಯಲ್ಲಿ ಲೆಕ್ಕ ಕೇಳಿದರೆ 3 ಸಾವಿರ ಅಂತಿದ್ದೆ.

ಮೊದಲ ಗುಟ್ಟು ಬಿಟ್ಟುಕೊಟ್ಟದ್ದು ಅಡಿಕೆ ತೂಗುವ ತಕ್ಕಡಿ. ಈ ಮಾತ್ರೆ 10 ಕಿಲೋ ತೂಕಕ್ಕೆ ಒಂದು. ಔಷಧಿ ಅಂಗಡಿಯಲ್ಲಿ "ಸಾಧಾರಣ ನಾಯಿ ಅಲ್ವಾ" ಎಂದು ಒಂದೇ ಕೊಟ್ಟು ಕಳಿಸುತ್ತಿದ್ದರು. ಒಂದು ದಿನ ಕೆಂಚನನ್ನು ಅಡಿಕೆ ಬುಟ್ಟಿಯಲ್ಲಿ ಕೂರಿಸಿ ತಕ್ಕಡಿಗೆ ಏರಿಸಿದೆ. ಕಿವಿ ಮಡಚಿ, ಬಾಲ ಹೊಟ್ಟೆಯಡಿ ಸೇರಿಸಿ, ಉಸಿರು ಬಿಡದೆ ಕೂತ. ಬುಟ್ಟಿ ಕಳೆದು 19 ಕಿಲೋ ಚಿಲ್ಲರೆ! ಇಷ್ಟು ದಿನ ಹುಳಕ್ಕೆ ಅರ್ಧ ಪೆಟ್ಟು ಮಾತ್ರ ಬೀಳುತ್ತಿತ್ತು.

ಸರಿ, ಎರಡು ಮಾತ್ರೆ ಹಾಕಿದೆ. ಸುಮಾರು ಮೂರು ವಾರ ಬಿಟ್ಟು ಮತ್ತೆ ಎರಡು. ಈ ಎರಡನೇ ಸಲದ್ದನ್ನು ತಪ್ಪಿಸಬಾರದು. ಕರುಳಲ್ಲಿ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳದ ಮರಿಗಳು ನಾಯಿಯ ಮಾಂಸದೊಳಗೆ ಸುಮ್ನೆ ಮಲಗಿರುತ್ತವೆ. ಕರುಳಲ್ಲಿದ್ದವು ಸತ್ತರೆ ಅವು ಎದ್ದು ಬಂದು ಜಾಗ ಹಿಡಿಯುತ್ತವೆ. ಮಾತ್ರೆ ಕರುಳಲ್ಲಿದ್ದದ್ದನ್ನು ಕೊಲ್ಲುತ್ತದೆ, ಮಲಗಿದ್ದವಕ್ಕೆ ತಾಗುವುದಿಲ್ಲ.

ಆದರೂ ಪೂರ್ತಿ ಹೋಗಲಿಲ್ಲ. ಯಾಕೆಂದರೆ ಕೆಂಚ ಮಲಗುತ್ತಿದ್ದದ್ದು ಕೊಟ್ಟಿಗೆಯ ಬದಿಯ ದರಕಿನ (ಒಣ ಎಲೆಯ) ರಾಶಿಯ ಮೇಲೆ. ನೆರಳು, ತೇವ, ಬೆಚ್ಚಗಿನ ಮಣ್ಣು: ಕೊಕ್ಕೆಹುಳದ ಮರಿಗೆ ಇದಕ್ಕಿಂತ ಸುಖ ಇನ್ನೆಲ್ಲಿ? ಬಾಯಿಂದಲೇ ಹೋಗಬೇಕೆಂದಿಲ್ಲ, ಚರ್ಮ ಕೊರೆದೂ ಒಳಗೆ ಹೋಗುತ್ತವೆ. ಹೊಟ್ಟೆಯ ಗುಳ್ಳೆ ಅದರದ್ದೇ. ಬರಿಗಾಲಲ್ಲಿ ತೋಟ ತಿರುಗುವ ನಮಗೂ ಆ ತುರಿಕೆ ಬರುತ್ತದೆ.

ಒಣ ಅಡಿಕೆ ಮರ ಸೀಳಿ ದಬ್ಬೆ ಮಾಡಿ, ಮೊಣಕಾಲೆತ್ತರದ ಮಂಚ ಕಟ್ಟಿದೆ. ಅಂಗಳದ ಬಿಸಿಲು ಬೀಳುವ ಮೂಲೆಯಲ್ಲಿಟ್ಟೆ, ಮೇಲೆ ತಗಡು. ಮನೆಯ ಮರ, ಹಾಗಾಗಿ ಮೊಳೆಗೆ ಮಾತ್ರ ಖರ್ಚು. ವಾರಕ್ಕೊಮ್ಮೆ ಬಚ್ಚಲ ಹಂಡೆಯ ನೀರನ್ನು ಕುದಿ ಬರಿಸಿ ಮಂಚಕ್ಕೆ ಹೊಯ್ಯುತ್ತೇನೆ. ಹೇಲು ಕಂಡ ದಿನವೇ ತೆಗೆದು ಹೂಳುತ್ತೇನೆ. ಕೊಕ್ಕೆಹುಳದ ಮೊಟ್ಟೆ ಒಡೆದು ಮರಿ ಮಣ್ಣಿಗೆ ಹರಡಲು ಕೆಲವೇ ದಿನ ಸಾಕು. ಅಷ್ಟರೊಳಗೆ ತೆಗೆದರೆ ಗೆದ್ದ ಹಾಗೆ. "ನಾಯಿಗೆ ಮಂಚ, ನಂಗೆ ಕಂಬಳಿ" ಎಂದು ಆಯಿ ಬೈದರು. ಗುಳ್ಳೆ ಒಣಗಿದ ಮೇಲೆ ಸುಮ್ಮನಾದರು.

ನಡುವೆ ಪ್ರಯೋಗಗಳೂ ಆದವು. ಪಪ್ಪಾಯಿ ಬೀಜ, ಬೇವು, ಅರಿಶಿನ: ಕೆಂಚ ತಿಂದ, ಹುಳಗಳೂ ತಿಂದು ಆರಾಮಾಗಿದ್ದವು. ಅಂಗಳಕ್ಕೆ ಸುಣ್ಣ ಎರಚಿ ನೋಡಿದೆ. ದುಂಡುಹುಳದ ಮೊಟ್ಟೆಯ ಚಿಪ್ಪು ಎಷ್ಟು ಗಟ್ಟಿ ಅಂದರೆ ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತದೆ, ಸುಣ್ಣಕ್ಕೆಲ್ಲ ಬಗ್ಗುವುದಿಲ್ಲ. ಇನ್ನು ಅಡಿಕೆ. ಇದು ಬರೀ ಅಜ್ಜಿ ಮದ್ದಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಹಿಂದೆ ಪಶುವೈದ್ಯರೇ ನಾಯಿಯ ಲಾಡಿಹುಳಕ್ಕೆ ಕೊಡುತ್ತಿದ್ದರು. ಚಾಲಿ (ಒಣಗಿಸಿ ಸುಲಿದ ಅಡಿಕೆ) ಪುಡಿ ಬೆಲ್ಲದಲ್ಲಿ ಕಟ್ಟಿ ಕೊಟ್ಟೆ. ರಾತ್ರಿಯೆಲ್ಲ ಜೊಲ್ಲು, ವಾಂತಿ, ಭೇದಿ. ಹುಳ ಒಂದಿಷ್ಟು ಬಿತ್ತು, ನಿಜ. ಆದರೆ ಅರೆಕೋಲಿನ್ ಹುಳವನ್ನು ಮರಗಟ್ಟಿಸಿ ಹೊರಗೆ ತಳ್ಳುತ್ತದೆ ಅಷ್ಟೇ. ಯಾವ ಅಡಿಕೆಯಲ್ಲಿ ಅದು ಎಷ್ಟಿದೆ ಅಂತ ತಿಳಿಯುವುದೂ ಇಲ್ಲ, ಜಾಸ್ತಿಯಾದರೆ ನಾಯಿಯೇ ಹೋಗಬಹುದು. ದಯವಿಟ್ಟು ಯಾರೂ ಮಾಡಬೇಡಿ.

ಲಾಡಿಹುಳದ ದಾರಿ ಬೇರೆಯೇ. ಮಲ ಪರೀಕ್ಷೆಯಲ್ಲಿ ಅದು ಎಷ್ಟೋ ಸಲ ಸಿಗುವುದಿಲ್ಲ. ನಾಯಿಯ ಬಾಲ ಎತ್ತಿ ನೋಡಬೇಕು. ಹುಳದ ತುಂಡು ಹಸಿಯಿದ್ದಾಗ ಮೆಲ್ಲಗೆ ಹಿಗ್ಗಿ ಕುಗ್ಗಿ ತೆವಳುತ್ತದೆ. ಒಣಗಿದರೆ ಥೇಟ್ ಮೊಗೆಕಾಯಿ ಬೀಜ, ಕೂದಲಿಗೆ ಅಂಟಿರುತ್ತದೆ. ಇದನ್ನು ಹೊತ್ತು ತರುವುದು ಚಿಗಟ. ಮೈ ಕಡಿದುಕೊಳ್ಳುವಾಗ ನಾಯಿ ಚಿಗಟ ನುಂಗುತ್ತದೆ, ಎರಡು ಮೂರು ವಾರದಲ್ಲಿ ಮತ್ತೆ ಬೀಜ ಉದುರುತ್ತದೆ. ನಮ್ಮಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಹೆದರಿಕೆಯಿಂದ ಉಣುಗನ್ನು ಎಲ್ಲರೂ ಹುಡುಕಿ ತೆಗೆಯುತ್ತಾರೆ, ಚಿಗಟವನ್ನು ಕೇಳುವವರಿಲ್ಲ. ಕೆಂಚನಿಗೂ ಮನೆಯ ಬೆಕ್ಕಿಗೂ ಒಂದೇ ದಿನ ಚಿಗಟ ಕೊಲ್ಲುವ ಫಿಪ್ರೋನಿಲ್ ಹನಿ ಹಾಕಿದೆ, ಅವರವರ ತೂಕದ್ದು. ತಿಂಗಳಿಗೊಮ್ಮೆಯಂತೆ ಮಳೆಗಾಲ ಪೂರ್ತಿ. ಇಬ್ಬರಿಗೂ ಸೇರಿ ತಿಂಗಳಿಗೆ 500ರ ಆಸುಪಾಸು ಆಯ್ತು. ದನದ ಉಣುಗಿಗೆ ತಂದ ಔಷಧಿಯನ್ನು ಬೆಕ್ಕಿಗೆ ಹಚ್ಚಲೇಬೇಡಿ. ಸೈಪರ್ಮೆಥ್ರಿನ್, ಪರ್ಮೆಥ್ರಿನ್ ಜಾತಿಯದ್ದಾದರೆ ಬೆಕ್ಕು ನಡುಗಿ ನಡುಗಿ ಸಾಯುತ್ತದೆ.

ಜನ ಬಾಯಿ ಮುಚ್ಚಿದ್ದು ಮರಿಗಳ ವಿಷಯದಲ್ಲಿ. ಪಕ್ಕದ ಮನೆಯ ಹೆಣ್ಣುನಾಯಿಯ ಮರಿಗಳು ಪ್ರತಿ ಸಲ ಹೊಟ್ಟೆ ಉಬ್ಬಿ ಅರ್ಧಕ್ಕರ್ಧ ಸಾಯುತ್ತಿದ್ದವು. ದುಂಡುಹುಳ ತಾಯಿಯ ಗರ್ಭದಲ್ಲೇ ಮರಿಗೆ ಬರುತ್ತದೆ, ಕೊಕ್ಕೆಹುಳ ಹಾಲಲ್ಲಿ. ಹಾಗಾಗಿ ಹುಟ್ಟಿದ ಎರಡು ವಾರಕ್ಕೇ ಪೈರಾಂಟೆಲ್ ಸಿರಪ್ ಶುರುಮಾಡಿ, ಎರಡು ವಾರಕ್ಕೊಮ್ಮೆ ಎಂಟು ವಾರದವರೆಗೆ ಕೊಡಬೇಕು, ತಾಯಿಗೂ ಜೊತೆಗೇ. "ಈಗಷ್ಟೇ ಕಣ್ಣು ಬಿಟ್ಟ ಮರಿಗೆ ಔಷಧಿಯಾ?" ಎಂದರು. ಅಡಿಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿ, ಪಶುವೈದ್ಯರು ಬರೆದುಕೊಟ್ಟ ಲೆಕ್ಕದಲ್ಲಿ ನಾನೇ ಕುಡಿಸಿದೆ. ಐದಕ್ಕೆ ಐದೂ ಉಳಿದವು. ಈಗ ನಾಯಿಗೆ ಹುಳ ಅಂದರೆ ಮೊದಲು ನನ್ನ ತಕ್ಕಡಿಗೆ ತರುತ್ತಾರೆ.

ಮಾತ್ರೆ ನುಂಗಿಸುವುದು? ನಾಯಿಗೆ ತೆಳ್ಳೇವು (ತೆಳು ದೋಸೆ) ಸುತ್ತಿ ಕೊಟ್ಟರೆ ಮುಗಿಯಿತು. ಬೆಕ್ಕಿಗೆ ಹೇಗೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ. ಆದರೆ ಬೆಕ್ಕಿನ ಲಾಡಿಹುಳ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಚಿಗಟ ನಿಂತರೂ ಇಲಿಯಿಂದ ಬರುವ ಇನ್ನೊಂದು ಜಾತಿ ಇದೆ. ಭತ್ತ ಇಟ್ಟ ಅಟ್ಟದಲ್ಲಿ ಇಲಿ ಹಿಡಿಯಬೇಡ ಅಂತ ಬೆಕ್ಕಿಗೆ ಹೇಳಲಾಗುತ್ತದಾ? ಅದಕ್ಕೆ ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಹಾಕುತ್ತಿದ್ದೇನೆ, ಮುಂದೆಯೂ ಹಾಕುತ್ತಿರಬೇಕು.