ಕುಕ್ಕರ್ ಪ್ರೆಷರ್ ಇಳಿಯುವಷ್ಟರಲ್ಲಿ ಕುಟುಂಬ ಪ್ರಾರ್ಥನೆ

ಮನೆಯಲ್ಲಿ ದಿನಾ ಪ್ರಾರ್ಥನೆ ನಡೆಯಬೇಕು ಅಂತ ಆಸೆ ಇದೆ, ಆದರೆ ಸಂಜೆ ಏಳಕ್ಕೆ ಮನೆ ಸೇರಿ ಅಡುಗೆ, ಹೋಮ್‌ವರ್ಕ್, ನಾಳೆಯ ಯೂನಿಫಾರ್ಮ್ ಅನ್ನುವಷ್ಟರಲ್ಲಿ ಅದು ತಪ್ಪಿಯೇ ಹೋಗುತ್ತದೆ. ಅಂಥ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆಯವರು. ಕಥೋಲಿಕರ ಮನೆಗಳಲ್ಲಿ ಜಪಮಾಲೆ ಇರುತ್ತದೆ, ಅದಕ್ಕೊಂದು ಕ್ರಮ ಇದೆ. ನಮ್ಮಲ್ಲಿ ಹಾಡು, ವಾಕ್ಯ (ಬೈಬಲ್ ಓದು), ಪ್ರಾರ್ಥನೆ ಅಂತ ಇದ್ದರೂ ಯಾವಾಗ, ಎಷ್ಟು ಹೊತ್ತು, ಯಾರು ನಡೆಸಬೇಕು ಅನ್ನೋದನ್ನು ಮನೆಯವರೇ ಗೊತ್ತುಮಾಡಿಕೊಳ್ಳಬೇಕು. ನಾನು ಹೇಳುವುದು ಇಷ್ಟೇ: ಚಿಕ್ಕದಾಗಿರಲಿ, ದಿನಾ ಇರಲಿ, ಮಕ್ಕಳೂ ಬಾಯಿಬಿಟ್ಟು ಮಾತಾಡುವ ಹಾಗಿರಲಿ.

ಮೊದಲು ಹೊತ್ತು ಗೊತ್ತುಮಾಡಿ. ಊಟ ಆದಮೇಲೆ ಮಾಡೋಣ ಅಂದುಕೊಂಡರೆ ಆಗುವುದಿಲ್ಲ. ಚಿಕ್ಕವರು ತೂಕಡಿಸುತ್ತಾರೆ, ದೊಡ್ಡವರ ಕೈಗೆ ಫೋನ್ ಬಂದಿರುತ್ತದೆ, ನಿಮಗೆ ಪಾತ್ರೆ ಕಾದಿರುತ್ತದೆ. ಊಟಕ್ಕೆ ಮುಂಚೆ ಮಾಡಿ. ಅನ್ನಕ್ಕೆ ಕುಕ್ಕರ್ ಇಟ್ಟು, ಮೂರು ವಿಷಲ್ ಆದಮೇಲೆ ಗ್ಯಾಸ್ ಆಫ್ ಮಾಡುತ್ತೀರಿ, ಅಲ್ವಾ? ಪ್ರೆಷರ್ ತಾನಾಗಿ ಇಳಿಯೋದಕ್ಕೆ ಹತ್ತು ನಿಮಿಷವಾದರೂ ಬೇಕು. ಅಷ್ಟು ಹೊತ್ತು ಹೇಗೂ ಯಾರಿಗೂ ಊಟ ಸಿಗುವುದಿಲ್ಲ. ಮೂರನೇ ವಿಷಲ್ ಕೇಳಿದ ಕೂಡಲೇ ಚಾಪೆ ಹಾಸಬೇಕು ಅನ್ನೋದು ಮಕ್ಕಳಿಗೆ ಬೇಗ ರೂಢಿಯಾಗುತ್ತದೆ, ಕೂಗಿ ಕರೆಯುವ ಕೆಲಸ ತಪ್ಪುತ್ತದೆ. ಟಿವಿ ಆಫ್, ಫೋನುಗಳೆಲ್ಲ ಫ್ರಿಜ್ ಮೇಲೆ. ನಿಮ್ಮ ಫೋನ್ ಕೂಡ.

ಒಂದು ಹಾಡು ಸಾಕು. ಅದರಲ್ಲೂ ಒಂದೆರಡು ಚರಣ. ಒಂದು ತಿಂಗಳು ಅದೇ ಹಾಡು ಹಾಡಿದರೆ ಓದು ಬಾರದ ಮಗುವಿಗೂ ಬಾಯಿಗೆ ಬಂದುಬಿಡುತ್ತದೆ.

ಇನ್ನು ವಾಕ್ಯ. ಹೊಸ ವರ್ಷದ ಹುರುಪಿನಲ್ಲಿ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಿಂದ ಶುರುಮಾಡುವ ಮನೆಗಳು ತುಂಬಾ, ಯಾಜಕಕಾಂಡದ ಬಲಿಯ ನಿಯಮಗಳು ಬರುವ ಹೊತ್ತಿಗೆ ಮಕ್ಕಳು ಆಕಳಿಸುತ್ತಾರೆ, ಅಲ್ಲಿಗೆ ನಿಂತುಹೋಗುತ್ತದೆ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಇಡೀ ಅಧ್ಯಾಯ ಬೇಡ, ದಿನಕ್ಕೆ ಒಂದು ಘಟನೆ ಸಾಕು. ಎರಡನೇ ಅಧ್ಯಾಯದಲ್ಲಿ ನಾಲ್ಕು ಜನ ತಮ್ಮ ಕಾಯಿಲೆಯವನನ್ನು ಹೊತ್ತು ತಂದು, ಜನ ತುಂಬಿದ್ದರಿಂದ ಒಳಗೆ ಹೋಗಲಾಗದೆ, ಮಾಳಿಗೆ ಹತ್ತಿ ಅದನ್ನೇ ಬಿಚ್ಚಿ, ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸುತ್ತಾರಲ್ಲ, ಅದನ್ನು ಓದಿ ನೋಡಿ. ಆರು ವರ್ಷದ ಮಗು ಖಂಡಿತ ಕೇಳುತ್ತದೆ: "ಆ ಮನೆಯವರು ಬೈಯಲಿಲ್ವಾ? ಮಾಳಿಗೆ ಯಾರು ರಿಪೇರಿ ಮಾಡಿದರು?" ಈ ಪ್ರಶ್ನೆಯನ್ನು ಪಕ್ಕಕ್ಕೆ ತಳ್ಳಿ "ಇದರಿಂದ ನಾವು ಕಲಿಯುವ ಪಾಠ ಏನಂದರೆ" ಅಂತ ಶುರುಮಾಡಬೇಡಿ. ಮಗು ಕಥೆಯ ಒಳಗೆ ಹೋಗಿದೆ, ಅಲ್ಲೇ ಓಡಾಡಲಿ. ನೀವೂ ಕೇಳಿ, "ಹಗ್ಗ ಯಾರು ಹಿಡಿದಿರಬಹುದು? ಕೆಳಗೆ ಕೂತವರ ತಲೆ ಮೇಲೆ ಮಣ್ಣು ಬಿದ್ದಿರಬೇಕಲ್ವಾ?" ಅಂತ. ಗೆಳೆಯನಿಗೋಸ್ಕರ ಮಾಳಿಗೆ ಬಿಚ್ಚಿದ ನಾಲ್ಕು ಜನರನ್ನು ಆ ಮಗು ಮರೆಯುವುದಿಲ್ಲ.

ತೀರಾ ಹೊತ್ತಿಲ್ಲದ ದಿನಕ್ಕೆ 117ನೇ ಕೀರ್ತನೆ ಇದೆ, ಎರಡೇ ವಚನ. 121ನೆಯದು ಎಂಟು ವಚನ. ಹೈಸ್ಕೂಲ್ ಮಕ್ಕಳಿದ್ದರೆ ಜ್ಞಾನೋಕ್ತಿಗಳು ಒಳ್ಳೆಯದು, 31 ಅಧ್ಯಾಯ ಇರುವುದರಿಂದ ಇವತ್ತಿನ ತಾರೀಕು ಯಾವುದೋ ಆ ಅಧ್ಯಾಯ ತೆಗೆದು, ಅವರಿಗೆ ಹಿಡಿಸಿದ ಒಂದು ವಚನ ಆರಿಸೋಕೆ ಹೇಳಿ. ಡಿಸೆಂಬರ್ ಬಂದರೆ ಲೂಕನ ಸುವಾರ್ತೆ. ಅದರಲ್ಲಿ 24 ಅಧ್ಯಾಯ, ಒಂದನೇ ತಾರೀಕು ಶುರುಮಾಡಿ ದಿನಕ್ಕೊಂದು ಓದಿದರೆ ಕ್ರಿಸ್‌ಮಸ್ ಹಿಂದಿನ ರಾತ್ರಿಗೆ ಮುಗಿಯುತ್ತದೆ. ಅಧ್ಯಾಯಗಳು ಉದ್ದ ಇವೆ, ಅದಕ್ಕೇ ಆ ತಿಂಗಳು ಮಾತ್ರ ದೊಡ್ಡವರು ಸರದಿ ಹಾಕಿಕೊಂಡು ಓದಿ.

ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಇಂಗ್ಲಿಷ್ ಮೀಡಿಯಂ. ಸತ್ಯವೇದದ (ಬೈಬಲ್‌ನ) ಕನ್ನಡ ಅವರಿಗೆ ಓದೋಕೆ ಕಷ್ಟ. ಓದಲಿಕ್ಕೆ ಕೊಟ್ಟು, ತಡವರಿಸಿದಾಗ ಎಲ್ಲರ ಮುಂದೆ ತಿದ್ದಿದರೆ ಮಾರನೇ ದಿನ ಆ ಮಗು ಚಾಪೆ ಹತ್ತಿರ ಬರುವುದಿಲ್ಲ. ನೀವು ಕನ್ನಡದಲ್ಲಿ ನಿಧಾನವಾಗಿ ಓದಿ, ಆಮೇಲೆ ಅದನ್ನೇ ಮನೆ ಮಾತಿನಲ್ಲಿ ಹೇಳಿ. ಬೇಕಾದರೆ ಅವರು ಇಂಗ್ಲಿಷಿನಲ್ಲಿ ಓದಿಕೊಳ್ಳಲಿ. ಆದರೆ ಕರ್ತನ ಪ್ರಾರ್ಥನೆ ಮತ್ತು 23ನೇ ಕೀರ್ತನೆ ಎರಡನ್ನು ಮಾತ್ರ ಕನ್ನಡದಲ್ಲೇ ಬಾಯಿಪಾಠ ಮಾಡಿಸಿ. ಇದರಲ್ಲಿ ನಾನು ಸ್ವಲ್ಪ ಹಟದವಳು. ಊರಲ್ಲಿ ಅಜ್ಜಿಯ ಹಾಸಿಗೆ ಪಕ್ಕ ಕೂತಾಗ, ಸಾವಿನ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವಾಗ, ನಮ್ಮ ಮಕ್ಕಳು ಸುಮ್ನೆ ಬಾಯಿ ಮುಚ್ಚಿ ನಿಲ್ಲಬಾರದು.

ಪ್ರಾರ್ಥನೆಯಲ್ಲಿ ಪ್ರತಿಯೊಬ್ಬರೂ ಒಂದು ವಿಷಯಕ್ಕೆ ಸ್ತೋತ್ರ, ಅಂದರೆ ಥ್ಯಾಂಕ್ಸ್, ಹೇಳಲಿ, ಒಂದು ಬೇಡಿಕೊಳ್ಳಲಿ. ಅಷ್ಟೇ ನಿಯಮ. "ಯೇಸಪ್ಪಾ, ಇವತ್ತು ಪಿ.ಟಿ. ಪೀರಿಯಡ್ ಇತ್ತು, ಸ್ತೋತ್ರ. ಪಕ್ಕದ ಮನೆ ನಾಯಿ ಕಾಲು ವಾಸಿ ಮಾಡಪ್ಪಾ, ಆಮೆನ್." ಇದು ಪೂರ್ತಿ ಪ್ರಾರ್ಥನೆ. ಇದಕ್ಕೆ ಏನನ್ನೂ ಸೇರಿಸಬೇಕಾಗಿಲ್ಲ. ಸಭೆಯಲ್ಲಿ ದೊಡ್ಡವರು ಬಳಸುವ ಉದ್ದುದ್ದ ಮಾತುಗಳನ್ನು ಹೇಳಿಕೊಡಬೇಡಿ, ಬೇಕಾದಾಗ ತಾವೇ ಕಲಿಯುತ್ತಾರೆ.

ಈಗ ಹೇಳುವ ಮಾತು ನನಗೆ ಎಲ್ಲಕ್ಕಿಂತ ಮುಖ್ಯ. ಪ್ರಾರ್ಥನೆಯನ್ನು ಬೈಗುಳಕ್ಕೆ ಬಳಸಬೇಡಿ. "ಕರ್ತನೇ, ಈ ಹುಡುಗನಿಗೆ ಬುದ್ಧಿ ಕೊಡು, ದೊಡ್ಡವರಿಗೆ ಎದುರುತ್ತರ ಕೊಡುತ್ತಾನೆ, ಮೊಬೈಲ್ ಚಟ ಬಿಡಿಸಪ್ಪಾ" ಅಂತ ಕಣ್ಣು ಮುಚ್ಚಿ ಜೋರಾಗಿ ಹೇಳುವುದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ. ಆ ಹುಡುಗ ಒಂದು ಕಣ್ಣು ತೆರೆದು ತಂಗಿಯ ಮುಖ ನೋಡುತ್ತಿರುತ್ತಾನೆ, ತಂಗಿ ನಗು ತಡೆದುಕೊಂಡಿರುತ್ತಾಳೆ. ಅವನಿಗೆ ಅದು ದೂರು, ಅದೂ ದೇವರ ಹತ್ತಿರ, ಎಲ್ಲರ ಎದುರಿಗೆ. ಬೈಯುವುದಿದ್ದರೆ ಅಡುಗೆಮನೆಗೆ ಕರೆದು ನೇರವಾಗಿ ಬೈಯಿರಿ. ಅವನಿಗಾಗಿ ಅಳುತ್ತಾ ಪ್ರಾರ್ಥಿಸುವುದಿದ್ದರೆ ಬೆಳಿಗ್ಗೆ ಎಲ್ಲರೂ ಏಳುವ ಮುಂಚೆ ಒಬ್ಬರೇ ಮಾಡಿ. ಚಾಪೆ ಮೇಲೆ ಅವನ ಹೆಸರು ಬಂದರೆ ಅದು ಸ್ತೋತ್ರಕ್ಕೆ ಬರಲಿ: ಅಜ್ಜನಿಗೆ ಮಾತ್ರೆ ತಂದುಕೊಟ್ಟಿದ್ದಕ್ಕೆ, ತಂಗಿಗೆ ಸೈಕಲ್ ಕಲಿಸಿದ್ದಕ್ಕೆ.

ಮಕ್ಕಳು ಬೇಡಿಕೊಂಡದ್ದು ಆಗದೇ ಇರುವ ದಿನವೂ ಬರುತ್ತದೆ. ದಿನಾ ಅಜ್ಜನ ಹೆಸರು ಹೇಳಿ ಪ್ರಾರ್ಥಿಸಿದ ಮಗು, ಅಜ್ಜ ತೀರಿಹೋದ ಮೇಲೆ "ಯೇಸಪ್ಪ ಕೇಳಿಸಿಕೊಳ್ಳಲಿಲ್ವಾ ಅಮ್ಮಾ?" ಅಂತ ಕೇಳುತ್ತದೆ. ತಕ್ಷಣ "ದೇವರ ಚಿತ್ತ" ಅಂತ ಹೇಳಿ ಮುಗಿಸಬೇಡಿ. ಆ ಮಾತು ನಿಜವೇ ಇರಬಹುದು, ಆದರೆ ಆ ಹೊತ್ತಿಗೆ ಮಗುವಿನ ಬಾಯಿ ಮುಚ್ಚಿಸುತ್ತದೆ. ತೊಡೆ ಮೇಲೆ ಕೂರಿಸಿಕೊಂಡು ಯೋಹಾನ 11ನೇ ಅಧ್ಯಾಯ ಓದಿ. ತೀರಿಹೋದ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸೋದಕ್ಕೇ ಬಂದ ಯೇಸು, ಮೊದಲು ಅತ್ತ. ಇದನ್ನು ಹೇಳಿ, ಅಳು ಬಂದರೆ ನೀವೂ ಅಳಿ. ಮಿಕ್ಕದ್ದನ್ನು ಮಗು ಮುಂದೆ ಕೇಳುತ್ತದೆ, ಆಗ ಮಾತಾಡಿ.

ಗಂಡ ಕೂರುವುದಿಲ್ಲ ಅನ್ನೋದು ತುಂಬಾ ಅಕ್ಕಂದಿರ ನೋವು. ಕೆಲವರಿಗೆ ನೈಟ್ ಶಿಫ್ಟ್, ಕೆಲವರಿಗೆ ಆಸಕ್ತಿ ಇಲ್ಲ, ಕೆಲವರು ಬೇರೆ ಧರ್ಮದವರು. ಅದಕ್ಕಾಗಿ ಜಗಳ ಬೇಡ, ಮಕ್ಕಳ ಮುಂದೆ ಅಪ್ಪನನ್ನು ಚುಚ್ಚೋದಂತೂ ಬೇಡವೇ ಬೇಡ. ಅಪೊಸ್ತಲ ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ತಂದೆ ಗ್ರೀಕನು, ತಾಯಿ ನಂಬಿದವಳು ಅಂತ ಅಪೊಸ್ತಲರ ಕೃತ್ಯಗಳು 16ರಲ್ಲಿದೆ. ಆದರೂ ಪೌಲನು ಅವನಿಗೆ ಪತ್ರ ಬರೆಯುವಾಗ ಅವನ ಅಜ್ಜಿ ಲೋವಿಯ ನಂಬಿಕೆಯನ್ನೂ ತಾಯಿ ಯೂನೀಕೆಯ ನಂಬಿಕೆಯನ್ನೂ ಹೆಸರು ಹಿಡಿದು ನೆನೆಯುತ್ತಾನೆ. ಆ ಮನೆಯಲ್ಲಿ ಕಲಿಸಿದವರು ಇಬ್ಬರು ಹೆಂಗಸರು. ಧೈರ್ಯವಾಗಿ ನಡೆಸಿ. ಕೆಲಸಕ್ಕೆ ಅಂತ ಗಲ್ಫ್‌ನಲ್ಲಿ ಇರುವವರದ್ದು ಬೇರೆ ಕಷ್ಟ. ನಮಗೆ ರಾತ್ರಿ ಎಂಟಾದರೆ ದುಬೈಯಲ್ಲಿ ಆರೂವರೆ, ಕುವೈತಿನಲ್ಲಿ ಐದೂವರೆ, ಅವರಿನ್ನೂ ಕೆಲಸದಲ್ಲೋ ದಾರಿಯಲ್ಲೋ ಇರುತ್ತಾರೆ. ವಿಡಿಯೋ ಕಾಲ್ ಅವರ ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಮಿಕ್ಕ ದಿನ ಅವರು ಬೆಳಿಗ್ಗೆಯೇ ಒಂದು ವಚನ ಓದಿ ವಾಯ್ಸ್ ಕಳಿಸಲಿ, ಸಂಜೆ ಎಲ್ಲರೂ ಕೂತು ಕೇಳಿ. ಅಪ್ಪನ ದನಿ ಚಾಪೆ ಮೇಲೆ ಇರುತ್ತದೆ.

ಹದಿನಾಲ್ಕು ಹದಿನೈದು ದಾಟಿದವರು ಬರಲ್ಲ ಅಂದರೆ ಎಳೆದು ತರಬೇಡಿ, ಕೆಲಸ ಕೊಡಿ. ಗಿಟಾರ್ ನುಡಿಸೋದು, ಹಾಡು ಆರಿಸೋದು, ತಮ್ಮನಿಗೆ ಕಥೆ ಹೇಳೋದು. ಪ್ರಶ್ನೆ ಕೇಳಿದರೆ ಗದರಬೇಡಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಕಣೋ, ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಅಯ್ಯನವರನ್ನು ಕೇಳೋಣ" ಅನ್ನಿ, ಮತ್ತೆ ಮರೆಯದೆ ಕೇಳಿ.

ನೆರೆಹೊರೆಯ ವಿಷಯವನ್ನೂ ಚಾಪೆ ಮೇಲೆಯೇ ಮಾತಾಡಿಕೊಳ್ಳಿ. ಗಣಪತಿ ಹಬ್ಬಕ್ಕೆ ಪಕ್ಕದ ಮನೆಯಿಂದ ಕಡುಬು ಬರುತ್ತದೆ, ಪ್ರಸಾದ ಬರುತ್ತದೆ. ಏನು ತಗೋಬೇಕು, ಏನು ಬೇಡ ಅನ್ನುವುದರಲ್ಲಿ ನಮ್ಮ ಸಭೆಗಳಲ್ಲೇ ಒಂದೊಂದು ಮನೆಯದು ಒಂದೊಂದು ರೀತಿ, ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8 ಮತ್ತು 10ನೇ ಅಧ್ಯಾಯ ಓದಿಕೊಂಡು ಗಂಡ ಹೆಂಡತಿ ಮೊದಲೇ ಒಂದು ಮಾತಿಗೆ ಬನ್ನಿ. ಏನೇ ತೀರ್ಮಾನಿಸಿದರೂ ಮಕ್ಕಳ ಬಾಯಲ್ಲಿ ಬೇರೆಯವರ ದೇವರ ಬಗ್ಗೆ ಒಂದು ಕೆಟ್ಟ ಮಾತೂ ಬರಬಾರದು. ಕ್ರಿಸ್‌ಮಸ್‌ಗೆ ಕೇಕು, ಕರ್ಜಿಕಾಯಿ, ಚಕ್ಕುಲಿ ತಟ್ಟೆಯನ್ನು ಮಕ್ಕಳ ಕೈಯಲ್ಲೇ ಕಳಿಸಿ. ಮೊದಲು ಕೊಡಬೇಕಾದದ್ದು ಆ ವರ್ಷ ಸಾವಾದ ಮನೆಗೆ, ಒಂಟಿಯಾಗಿರುವ ಅಜ್ಜಿಗೆ.

ಇನ್ನೊಂದನ್ನು ಅಡುಗೆಮನೆಯಲ್ಲೇ ಶುರುಮಾಡಬಹುದು. ಮಿಜೋರಾಂ ಸಭೆಗಳ ಹೆಂಗಸರು 1910ರಿಂದ ಒಂದು ಪದ್ಧತಿ ನಡೆಸಿಕೊಂಡು ಬಂದಿದ್ದಾರೆ, ಬುಹ್‌ಫೈ ಥಾಮ್ ಅಂತ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ದೇವರ ಕೆಲಸಕ್ಕೆ ಅಂತ ತೆಗೆದಿಡುವುದು. ನಮಗೂ ಇದು ಕಷ್ಟವಲ್ಲ. ಒಂದು ಡಬ್ಬಿ ಇಡಿ, ಅಕ್ಕಿ ಹಾಕುವ ಕೆಲಸ ಚಿಕ್ಕ ಮಗುವಿಗೆ ಕೊಡಿ. ಡಬ್ಬಿ ತುಂಬಿದಾಗ ಯಾರಿಗೆ ಕೊಡಬೇಕು ಅಂತ ಮಕ್ಕಳನ್ನೇ ಕೇಳಿ. ಮನೆಗೆಲಸಕ್ಕೆ ಬರುವ ಅಕ್ಕ, ಕೆಲಸ ಕಳೆದುಕೊಂಡ ಯಾರದೋ ಅಪ್ಪ, ಹೀಗೆ ಅವರ ಕಣ್ಣಿಗೆ ಬಿದ್ದವರ ಹೆಸರು ಹೇಳುತ್ತಾರೆ. ಕೊಟ್ಟು ಬಂದ ದಿನ ಆ ಮನೆಯವರ ಹೆಸರನ್ನು ಪ್ರಾರ್ಥನೆಗೆ ಸೇರಿಸಿಕೊಳ್ಳಿ.