ರಾಜೀನಾಮೆ ಅನ್ನೋ ಪದ ಎಲ್ಲಿ ಬಳಸ್ಬೇಕು, ಎಲ್ಲಿ ಬಳಸ್ಲೇಬಾರ್ದು

ನಮ್ಮತ್ತೆ ಕೇಂದ್ರ ಸರ್ಕಾರದ ಒಂದು ಆಫೀಸಲ್ಲಿ 22 ವರ್ಷ ದುಡಿದು, ಮಂಡಿನೋವು ತಡೆಯಕ್ಕಾಗ್ದೆ ಕೆಲಸ ಬಿಡೋಣ ಅಂತ ತೀರ್ಮಾನ ಮಾಡಿ, ಬಿಳಿ ಹಾಳೆ ಮೇಲೆ ನೀಟಾಗಿ ರಿಸೈನ್ ಮಾಡ್ತಿದೀನಿ ಅಂತ ಬರ್ಕೊಂಡು ಹೋಗಿದ್ರು. ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್‌ನ ಕ್ಲರ್ಕ್ ಹುಡುಗಿ ಓದಿದವಳೇ ಸೀಲ್ ಹಾಕ್ದೆ ಹಾಳೆ ವಾಪಸ್ ಕೊಟ್ಟು, "ಮೇಡಮ್, ಈ ಪದ ಬೇಡ, ಸ್ವಯಂ ನಿವೃತ್ತಿ ಅಂತ ಹೊಸದಾಗಿ ಬರ್ಕೊಡಿ, ಇಲ್ಲಾಂದ್ರೆ ಪೆನ್ಷನ್ ಹೋಗತ್ತೆ" ಅಂದ್ಳು. ಆ ಹುಡುಗೀನ ಅತ್ತೆ ಇವತ್ತಿಗೂ ನೆನೆಸ್ಕೋತಾರೆ.

ಆಡು ಮಾತಲ್ಲಿ ಎರಡೂ ಒಂದೇ, ಕೆಲಸ ಬಿಟ್ರು ಅಷ್ಟೇ. ಆದ್ರೆ ಕೇಂದ್ರದ ಪಿಂಚಣಿ ನಿಯಮದಲ್ಲಿ ರಾಜೀನಾಮೆ ಕೊಟ್ರೆ ಹಿಂದಿನ ಸೇವೆ ಎಷ್ಟೇ ವರ್ಷದ್ದಾಗಿದ್ರೂ ಲೆಕ್ಕಕ್ಕೆ ಬರಲ್ಲ. ಅದೇ 20 ವರ್ಷ ಸೇವೆ ಆಗಿದ್ದು, 3 ತಿಂಗಳು ಮುಂಚೆ ನೋಟಿಸ್ ಕೊಟ್ಟು ಸ್ವಯಂ ನಿವೃತ್ತಿ ತಗೊಂಡ್ರೆ ಸೇವೆ ಉಳಿಯತ್ತೆ. ದೆಹಲಿಯ ಒಬ್ಬ ವಿದ್ಯುತ್ ನೌಕರರು 1990ರಲ್ಲಿ ರಾಜೀನಾಮೆ ಕೊಟ್ಟು ಆಮೇಲೆ ಪಿಂಚಣಿ ಕೇಳಿದ ಕೇಸಲ್ಲಿ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿ ಪಿಂಚಣಿ ಇಲ್ಲ ಅಂತು. ಒಂದು ಸರ್ಕಾರಿ ಕೆಲಸದಿಂದ ಇನ್ನೊಂದು ಸರ್ಕಾರಿ ಕೆಲಸಕ್ಕೆ ಇಲಾಖೆ ಅನುಮತಿ ತಗೊಂಡು ಹೋಗೋರಿಗೆ ಮಾತ್ರ ಇದರಿಂದ ವಿನಾಯಿತಿ ಇದೆ, ಅಂಥೋರು ಅದನ್ನ ಪತ್ರದಲ್ಲೇ ಸ್ಪಷ್ಟವಾಗಿ ಬರೀಬೇಕು.

ಪ್ರೈವೇಟ್ ಕಂಪನಿಯಲ್ಲಿ ಈ ಭಯ ಇಲ್ಲ. ಪರ್ಮನೆಂಟ್ ಕೆಲಸದಲ್ಲಿ 5 ವರ್ಷ ತುಂಬಿದ್ರೆ ರಾಜೀನಾಮೆ ಕೊಟ್ರೂ ಗ್ರಾಚ್ಯುಟಿ ಬರತ್ತೆ. ಬೆಂಗ್ಳೂರಲ್ಲಿ ಐಟಿ ಹುಡುಗ್ರು ರಾಜೀನಾಮೆ ಕೊಟ್ಟೆ ಅನ್ನೋಕೆ "ಪೇಪರ್ ಹಾಕ್ದೆ" ಅಂತಾರಲ್ಲ, ಅದು ಮಾತಿಗೆ ಚೆಂದ, ಪತ್ರಕ್ಕೆ ಬೇಡ.

ಈಗ ಪದದ ಹುಟ್ಟಿಗೆ ಬರೋಣ, ನನಗೆ ಇದು ತುಂಬಾ ಇಷ್ಟ. ರಾಜಿ ಅಂದ್ರೆ ಒಪ್ಪಿಗೆ, ಅರಬ್ಬಿಯಿಂದ ಬಂದಿದ್ದು, ನಾಮೆ ಅಂದ್ರೆ ಪತ್ರ, ಅದು ಪಾರ್ಸಿ. ಪಂಚನಾಮೆ, ಕರಾರುನಾಮೆ ಎಲ್ಲಾ ಅದೇ ಜಾತಿ. ಅಂದ್ರೆ ರಾಜೀನಾಮೆ ಅಂದ್ರೆ ಮೂಲದಲ್ಲಿ ಒಪ್ಪಿಗೆ ಪತ್ರ, ಹಿಂದಿಯಲ್ಲಿ ಈಗ್ಲೂ ಎರಡು ಕಡೆಯೋರು ಕೋರ್ಟಲ್ಲಿ ರಾಜಿ ಮಾಡ್ಕೊಂಡು ಬರೆದುಕೊಡೋದಕ್ಕೇ ಆ ಹೆಸರು, ಕೆಲಸ ಬಿಡೋದಕ್ಕೆ ಅವರು ಇಸ್ತೀಫಾ ಅಂತಾರೆ. ಮರಾಠಿ, ತೆಲುಗು, ತಮಿಳಲ್ಲಿ ನಮ್ಮ ಹಾಗೇನೇ ಅರ್ಥ, ಮಲಯಾಳಿಗಳು ಬರೀ ರಾಜಿ ಅಂದ್ರೂ ರಾಜೀನಾಮೆನೇ. ರಾಜೀನಾಮೆ ಪತ್ರ ಅಂದ್ರೆ ಪತ್ರ ಎರಡು ಸಲ ಬಂತು ಅಂತ ಕೆಲವ್ರು ತಕರಾರು ತೆಗೀತಾರೆ, ಬಳಕೆಯಲ್ಲಿ ನಿಂತುಹೋಗಿದೆ, ಧೈರ್ಯವಾಗಿ ಬರೀರಿ. ಆದ್ರೆ "ಜೀ" ದೀರ್ಘ, ರಾಜಿನಾಮೆ ಅಂತ ಬರೀಬೇಡಿ.

ಪದತ್ಯಾಗ ಅನ್ನೋದು ರಾಜರಿಗೆ, ಅಧ್ಯಕ್ಷರಿಗೆ, ಪೀಠದಲ್ಲಿ ಕೂತವರಿಗೆ ಒಪ್ಪತ್ತೆ, ಅಕೌಂಟೆಂಟ್ ಪದತ್ಯಾಗ ಮಾಡಿದ್ರು ಅಂದ್ರೆ ಕಿವಿಗೆ ಹೊಂದಲ್ಲ. ವಜಾ ಅಂದ್ರೆ ಕೆಲಸ ಕೊಟ್ಟವರೇ ತೆಗೆದಿದ್ದು, ಅಮಾನತು ಅಂದ್ರೆ ಸದ್ಯಕ್ಕೆ ಹೊರಗಿಟ್ಟಿದ್ದು, ಇವನ್ನ ರಾಜೀನಾಮೆ ಜೊತೆ ಕಲಸಬೇಡಿ.

ಶಾಸಕರಿಗಂತೂ ಬರೆಯೋ ರೀತೀನೇ ದೊಡ್ಡ ವಿಷ್ಯ. 2019ರ ಜುಲೈನಲ್ಲಿ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟಾಗ ಸ್ಪೀಕರ್ ರಮೇಶ್ ಕುಮಾರ್ ಅವರು 13ರಲ್ಲಿ 8 ಪತ್ರ ಕ್ರಮಬದ್ಧವಾಗಿಲ್ಲ ಅಂದಿದ್ದು ನೆನಪಿರಬಹುದು. ಸಂವಿಧಾನದ 190ನೇ ವಿಧಿ ಪ್ರಕಾರ ರಾಜೀನಾಮೆ ಸ್ವಇಚ್ಛೆಯದ್ದು, ನಿಜವಾದದ್ದು ಅಂತ ಸ್ಪೀಕರ್‌ಗೆ ಅನ್ನಿಸ್ಬೇಕು, ಅನ್ನಿಸದಿದ್ರೆ ಅಂಗೀಕಾರ ಮಾಡಲ್ಲ.

ನಾವು ನೀವು ಬರೆಯೋ ಪತ್ರಕ್ಕೆ ನಾಲ್ಕು ಸಾಲು ಸಾಕು: "ನಾನು ಈ ಸಂಸ್ಥೆಯಲ್ಲಿ ಇಂಥ ಹುದ್ದೆಯಲ್ಲಿ ಕೆಲಸ ಮಾಡುತ್ತಿದ್ದು, ವೈಯಕ್ತಿಕ ಕಾರಣದಿಂದ ಸ್ವಇಚ್ಛೆಯಿಂದ ರಾಜೀನಾಮೆ ಸಲ್ಲಿಸುತ್ತಿದ್ದೇನೆ. ನೋಟಿಸ್ ಅವಧಿ ಮುಗಿದು ಇಂಥ ದಿನಾಂಕ ನನ್ನ ಕೊನೆಯ ಕೆಲಸದ ದಿನವಾಗಿರುತ್ತದೆ. ಅಂಗೀಕರಿಸಿ ಬಿಡುಗಡೆ ಪತ್ರ ನೀಡಬೇಕಾಗಿ ಕೋರುತ್ತೇನೆ." ಕೊನೆಯ ದಿನದ ತಾರೀಖು ಮರೀಬೇಡಿ, ಜಗಳ ಬರೋದೇ ಅಲ್ಲಿ. ಸಿಟ್ಟನ್ನ ಪತ್ರದಲ್ಲಿ ಹಾಕ್ಬೇಡಿ, ಒಂದು ಕಾಪಿ ಮೇಲೆ ತಲುಪಿದೆ ಅಂತ ಸಹಿ ಹಾಕಿಸ್ಕೊಳ್ಳಿ.

ರಾಜೀನಾಮೆಗೆ ಇಂಗ್ಲಿಷಲ್ಲಿ ಹೇಳೋ ರೆಸಿಗ್ನೇಷನ್ ಅನ್ನೋ ಪದಕ್ಕೆ ಇನ್ನೊಂದು ಅರ್ಥ ಇದೆ, ಬಂದಿದ್ದನ್ನ ಒಪ್ಕೊಂಡು ಸುಮ್ಮನಾಗೋದು. ಅನುವಾದ ಮಾಡೋರು ಇಲ್ಲಿ ರಾಜೀನಾಮೆ ಅಂತ ಹಾಕಿ ಕೆಡಿಸ್ತಾರೆ. ಮುಖದಲ್ಲಿ ಆ ಭಾವ ಇತ್ತು ಅನ್ನೋಕೆ "ಹಣೆಬರಹ ಅಂತ ಸುಮ್ಮನಾಗಿದ್ದ" ಅಂದ್ರೆ ಸಾಕು. ಕೈಚೆಲ್ಲಿದ ಅಂದ್ರೆ ಪ್ರಯತ್ನ ನಿಂತುಹೋಯ್ತು, ಹತಾಶೆ ಅಂದ್ರೆ ನೋವು ಇನ್ನೂ ಹಸಿ ಇದೆ, ಶರಣಾಗತಿ ಅಂದ್ರೆ ದೇವರ ಪಾದಕ್ಕೆ ಬಿಟ್ಟಿದ್ದು, ಅದರಲ್ಲಿ ಸೋಲಿಲ್ಲ, ಶ್ರೀವೈಷ್ಣವರು ಇದನ್ನೇ ಪ್ರಪತ್ತಿ ಅಂತಾರೆ. ಸಂದರ್ಭ ನೋಡಿ ಆರಿಸ್ಕೊಳ್ಳಿ.

ಈ ಎರಡೂ ಅರ್ಥಕ್ಕೆ ಹೊಂದೋ ಒಂದೇ ಪದ ಕನ್ನಡದಲ್ಲಿ ಇದೆ ಅಂದ್ರೆ ಅದು "ಬಿಡು". ಕೆಲಸ ಬಿಟ್ಟ, ಆಸೆ ಬಿಟ್ಟ, ಹೋಗ್ಲಿ ಬಿಡು. ಆಫೀಸಿನ ಕೊನೆಯ ದಿನ ಟಿಫನ್ ಡಬ್ಬಿ, ದೇವರ ಫೋಟೋ ಎಲ್ಲಾ ಚೀಲಕ್ಕೆ ಹಾಕ್ಕೊಂಡು ಮನೆಗೆ ಬಂದ ಅತ್ತೆ, ಬೇಜಾರಾಯ್ತಾ ಅಂತ ಕೇಳಿದ್ದಕ್ಕೆ ಹೇಳಿದ್ದೂ ಅದನ್ನೇ, "ಆಯ್ತು, ಬಿಡು."