ಧಾರಾವಾಹಿಯ ನಡುವೆ ಹೊಸ ಪಾತ್ರ ತರುವವರಿಗೆ

ವಿಜ್ಞಾನ ಕಥೆಗಳನ್ನು ಕಂತುಗಳಲ್ಲಿ ಬರೆಯುತ್ತಿರುವ ನಮ್ಮ ಕಾಸರಗೋಡಿನ ಗೆಳೆಯರಿಗೆ ಒಂದು ಸಲಹೆ. ಕಥೆ ಅರ್ಧ ಸಾಗಿದ ಮೇಲೆ ಹೊಸ ಪಾತ್ರ ತರುವಾಗ ಅದಕ್ಕೆಂದೇ ಇನ್ನೊಂದು ಉಪಕಥೆ ಹುಟ್ಟಿಸಬೇಡಿ. ಈಗಾಗಲೇ ಜಗ್ಗಾಡುತ್ತಿರುವ ಎರಡು ಎಳೆಗಳ ನಡುವೆ ಆ ವ್ಯಕ್ತಿಯನ್ನು ನಿಲ್ಲಿಸಿ.

ಕಥೆ 2090ರಲ್ಲಿ ನಡೆಯುತ್ತದೆ ಎನ್ನಿ. ಒಂದು ಎಳೆ, ಚಂದ್ರಗಿರಿ ಹೊಳೆಯ ಅಳಿವೆಯಲ್ಲಿ ಕಡಲನ್ನು ತಡೆಯುವ ಸ್ವಯಂಚಾಲಿತ ಗೋಡೆ. ಇನ್ನೊಂದು, ಗುಡ್ಡದ ಮೇಲಿನ ಅಡಿಕೆ ತೋಟದ ಮನೆಯ ಜಗಳ. ಈಗ ನೀರಿಗಾಗಿ ಸುರಂಗ ತೋಡುವ ಹೆಂಗಸೊಬ್ಬಳನ್ನು ತನ್ನಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗಗಳಲ್ಲಿ ನೀರು ಪಂಪ್ ಇಲ್ಲದೆ ತಾನಾಗಿ ಹರಿದು ಬರುತ್ತದಲ್ಲ, ಆ ನೀರು ಅವಳ ಬಾಯಿಗೆ ಉಪ್ಪೆನಿಸಲಿ. ಅಷ್ಟು ಎತ್ತರಕ್ಕೆ ಉಪ್ಪು ಹೇಗೆ ಬಂತು? ಆ ಪ್ರಶ್ನೆಯೇ ಅವಳನ್ನು ಅಳಿವೆಗೆ ಇಳಿಸುತ್ತದೆ, ತೋಟದ ಜಗಳವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಅವಳ ಬಾಲ್ಯ, ಮದುವೆ, ಸಾಲ ಎಲ್ಲವೂ ಆಮೇಲೆ ಬರಲಿ. ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ವೇಷದ ಒಡ್ಡೋಲಗಕ್ಕೆ, ಅಂದರೆ ಪಾತ್ರದ ಮೊದಲ ಪ್ರವೇಶದ ಕುಣಿತಕ್ಕೆ, ಬೇಕಾದಷ್ಟು ಬಿಡುವಿದೆ, ವಾರದ ಕಂತಿಗೆ ಅದಿಲ್ಲ.

ಹಿಂದೆ ಸರಿದ ಎಳೆಯನ್ನು ಪೂರ್ತಿ ಮರೆಸಬೇಡಿ. ಕಂತಿಗೊಂದು ವಾಕ್ಯ ಸಾಕು: ಬಸ್ಸಿನಲ್ಲಿ ಯಾರೋ ಗೋಡೆಯ ಬಿರುಕಿನ ಸುದ್ದಿ ಹೇಳಿದರೂ ಆಯಿತು. ಹೊಸಬಳು ಬಂದ ಮೊದಲ ಎರಡು ಕಂತುಗಳಲ್ಲಿ ಹೊಸ ಯಂತ್ರವನ್ನಾಗಲಿ ಹೊಸ ಊರನ್ನಾಗಲಿ ಪರಿಚಯಿಸಬೇಡಿ. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ಕರಡು ಇದ್ದರೆ ಕಳುಹಿಸಿ, ಪ್ರೀತಿಯಿಂದ ಓದುತ್ತೇನೆ.